ಸೊಪ್ಪಿನ ಮನೆಯ ಗಾಳಿಯಕ್ಕ

ಸೊಪ್ಪು ಬೆಳೆಯುವ ಹಸಿರುಮನೆಯ ಮೇಲ್ವಿಚಾರಕಿಗೆ ಎಲ್ಲರೂ ಇಟ್ಟ ಹೆಸರು ಗಾಳಿಯಕ್ಕ. ಬೆಳಿಗ್ಗೆ ಬಾಗಿಲು ತೆರೆದವಳು ಮೊದಲು ಗಿಡ ನೋಡುವುದಿಲ್ಲ, ಮೂಗೆತ್ತಿ ಗಾಳಿಯ ರುಚಿ ನೋಡುತ್ತಾಳೆ. "ರಾತ್ರಿಯೆಲ್ಲ ಕೂಡಿಹಾಕಿದ ಗಾಳಿ, ಹಳಸಿದೆ" ಎಂದು ಕಿಟಕಿ ತೆರೆಸಿ, ಫ್ಯಾನು ಹಾಕಿಸಿದ ಮೇಲೆಯೇ ಉಳಿದ ಮಾತು. ತೇವ ನಿಂತರೆ ಎಲೆಗೆ ಬೂಷ್ಟು ಹಿಡಿಯುತ್ತದೆ, ಹೊಗೆ ನುಗ್ಗಿದರೆ ಮುದುಡುತ್ತದೆ, ಮಾಗಿದ ಬಾಳೆಹಣ್ಣು ಬಿಡುವ ಗಾಳಿಗೆ ಹಳದಿಯಾಗುತ್ತದೆ. ಇದು ಅವಳ ಮಗ್ಗಿ. ಕೆಲಸದವರ ಊಟದ ಡಬ್ಬಿಗಳನ್ನೂ ಬಾಗಿಲಲ್ಲೇ ಮೂಸುತ್ತಾಳೆ. "ಉಸಿರಾಡೋಕೂ ನಿನ್ನ ಅಪ್ಪಣೆ ಬೇಕೇನಕ್ಕಾ?" ಎಂದು ಹೆಂಗಸರು ರೇಗಿಸಿದರೆ, "ಧಾರಾಳವಾಗಿ ಉಸಿರಾಡ್ರೇ, ನೀವು ಬಿಟ್ಟ ಉಸಿರು ನನ್ನ ಸೊಪ್ಪಿಗೆ ಊಟ. ಆ ಬಾಳೆಹಣ್ಣು ಮಾತ್ರ ಆಚೆ ಇಡಿ" ಎನ್ನುತ್ತಾಳೆ. ಮನೆಯಲ್ಲೂ ಇದೇ ಕಾರುಬಾರು. ತಿಂಗಳು ತುಂಬುವ ಮೊದಲೇ ಹುಟ್ಟಿ, ಸ್ವಲ್ಪ ಹೊಗೆಗೂ ಏದುವ ಮಗಳ ತೊಟ್ಟಿಲ ಪಕ್ಕ ಒಂದು ತಟ್ಟೆ ಪಾಲಕ್ ಸಸಿ ಇಟ್ಟಿದ್ದಾಳೆ. "ಮಗು ಮಲಗೋ ಕೋಣೇಲಿ ಯಾರಾದ್ರೂ ತೋಟ ಮಾಡ್ತಾರೇನೇ?" ಎಂದು ಅತ್ತೆ ಹಂಗಿಸಿದ್ದೂ ಆಯಿತು. ಚಳಿಗೆಂದು ಅತ್ತೆ ಆ ಕೋಣೆಯಲ್ಲಿ ಸೀಮೆಎಣ್ಣೆ ಒಲೆ ಹಚ್ಚಿಡತೊಡಗಿದ ವಾರ ಸಸಿಗಳು ಮುದುಡಿದವು. ಗಾಳಿಯಕ್ಕ ಜಗಳವಾಡಲಿಲ್ಲ. ಒಲೆಯನ್ನು ಹಿತ್ತಲಿಗೆ ಸಾಗಿಸಿ, ಕಿಟಕಿ ತೆರೆದು, ಮಗಳಿಗೆ ಇನ್ನೊಂದು ಕಂಬಳಿ ಹೊದಿಸಿ, "ಇವಳು ಕೆಮ್ಮೋವರೆಗೂ ನಾನು ಕಾಯಲ್ಲ ಅತ್ತೆ, ಸೊಪ್ಪು ಮೊದಲೇ ಹೇಳತ್ತೆ" ಎಂದಳು. ಮೊನ್ನೆ ಮಗುವನ್ನು ನೋಡಲು ಬಂದ ನೆಂಟರನ್ನು ಅತ್ತೆಯೇ ಹೊಸ್ತಿಲಲ್ಲಿ ತಡೆದು, ಅವರ ಚೀಲಕ್ಕೆ ಮೂಗು ಹಚ್ಚಿ ಹೇಳಿದರು: "ಬಾಳೆಹಣ್ಣು ಆಚೆ ಇಟ್ಟು ಒಳಗೆ ಬನ್ನಿ."