ದೇವರ ಕೋಣೆಯ ತನಕ ಒಂದು ಒರಟು ಗೋಡೆ

ಕಳೆದ ಶುಕ್ರವಾರ ಬೆಳಿಗ್ಗೆ ನಮ್ಮ ಅತ್ತೆಯವರು ಗೋಡೆಯ ಮೈದಡವುತ್ತ ನಿಂತಿದ್ದರು. ಹಸುವಿನ ಮೈ ಸವರುತ್ತಾರಲ್ಲ, ಹಾಗೆ.

ನನ್ನ ಕೈಯಲ್ಲಿ ಮಗಳ ಟಿಫಿನ್ ಡಬ್ಬಿ, ಗ್ಯಾಸಿನ ಮೇಲೆ ಒಗ್ಗರಣೆ. ಆದರೂ ನಿಂತು ನೋಡಿದೆ. ಅತ್ತೆ ಒಬ್ಬರೇ ತಮ್ಮ ಕೋಣೆಯಿಂದ ಹೊರಬಂದು ಎಷ್ಟು ತಿಂಗಳಾಗಿತ್ತು?

ಅತ್ತೆಗೆ ಸಕ್ಕರೆ ಕಾಯಿಲೆ. ಅದು ಕಣ್ಣಿಗಿಳಿದಿದೆ. ಬೆಳಕು, ಕತ್ತಲೆ ತಿಳಿಯುತ್ತದೆ, ಅಷ್ಟೇ. ಕಾಚಿಗೂಡದ ಹಳೆಯ ಬಾಡಿಗೆ ಮನೆಯಲ್ಲಿ ಇದು ಅಷ್ಟು ದೊಡ್ಡ ತೊಂದರೆ ಅನ್ನಿಸಿರಲಿಲ್ಲ. ಅಲ್ಲಿ ಕೋಣೆಗೊಂದು ಹೊಸ್ತಿಲು, ಕಾಲಡಿ ಒರಟು ಶಹಾಬಾದಿ ಕಲ್ಲು, ಸುಣ್ಣ ಎದ್ದ ಗೋಡೆ. ಕೈಯೂ ಕಾಲೂ ದಾರಿ ಹೇಳುತ್ತಿದ್ದವು. ಗಚ್ಚಿಬೌಲಿಯ ಈ ಫ್ಲ್ಯಾಟಿಗೆ ಬಂದೆವು ನೋಡಿ, ನೆಲ, ಗೋಡೆ, ಕಪಾಟಿನ ಬಾಗಿಲು ಎಲ್ಲವೂ ಒಂದೇ ನುಣುಪು. (ನಾನೂ ಹೆಮ್ಮೆಯಿಂದ ಒರೆಸಿದ್ದೇ ಒರೆಸಿದ್ದು.) ಅತ್ತೆಗೆ ಮಾತ್ರ ಎಲ್ಲೂ ಗುರುತು ಸಿಗಲಿಲ್ಲ.

ಅವರು ದೇವರ ಮುಂದೆ ನಿಂತು ಕೈಮುಗಿಯದೆ ಚಹಾ ಮುಟ್ಟುವವರಲ್ಲ. ಕೂತಲ್ಲೇ ಕೈಮುಗಿಯಿರಿ ಎಂದರೆ ಕೇಳುವವರೂ ಅಲ್ಲ. ಯಾರಾದರೂ ಕೈಹಿಡಿದು ಕರೆದೊಯ್ಯಬೇಕು. ಬೆಳಗಿನ ಗಡಿಬಿಡಿಯಲ್ಲಿ ನಾವು ಬಂದೆ, ಬಂದೆ ಎನ್ನುವುದರಲ್ಲೇ ಹೊತ್ತು ಏರುತ್ತಿತ್ತು. ಹಾಗೆ ಖಾಲಿ ಹೊಟ್ಟೆಯಲ್ಲಿ ಕಾದು ಕೂತು, ಒಮ್ಮೆ ಬೆವರಿ ತಲೆಸುತ್ತಿ ಮಂಚಕ್ಕೆ ಒರಗಿಬಿಟ್ಟರು. ಇನ್ನೊಮ್ಮೆ ಹೀಗಾಗಬಾರದು ಎಂದು ಡಾಕ್ಟರು ಗದರಿಸಿದರು.

ಇದರ ನಡುವೆ ಮಗಳು ಪಲ್ಲವಿಗೆ ಟೆಕ್ಸ್ಚರ್ ಪೇಂಟಿನ ಹುಚ್ಚು. ಟಿವಿ ಹಿಂದಿನ ಗೋಡೆಗೆ, ಬಾಚಣಿಗೆ ಎಳೆದಂತೆ ಉಬ್ಬುಗೆರೆ ಬೇಕಂತೆ. ಧೂಳು ಯಾರು ಒರೆಸುವವರು ಎಂದೆ. ಸೋತೆ. ಸೇಡಂ ಕಡೆಯ ಪೇಂಟರ್ ಶರಣಪ್ಪ ಬಂದು ಸ್ಯಾಂಪಲ್ ಎಲ್ಲಿ ಹಾಕಲಿ ಅಂದ. ನಮ್ಮಂಥ ಗೃಹಿಣಿಯರ ಬುದ್ಧಿ ನಿಮಗೆ ಗೊತ್ತಲ್ಲ? ಹೊಸ ಸೀರೆಯ ಬಣ್ಣ ಬಿಡುತ್ತದೆಯೇ ಎಂದು ಒಳ ಸೆರಗಿನಲ್ಲಿ ಪರೀಕ್ಷೆ ಮಾಡುವವರು ನಾವು. ಬಂದವರ ಕಣ್ಣಿಗೆ ಬೀಳದ ಕಡೆ ಹಾಕಪ್ಪ ಎಂದು ಒಳಗಿನ ಪ್ಯಾಸೇಜ್ ತೋರಿಸಿದೆ. ಅವನು ಅತ್ತೆಯ ಬಾಗಿಲ ಪಕ್ಕದಿಂದ ಒಂದು ಮಾರು ಉದ್ದ ಗೆರೆ ಎಳೆದು ಹೋದ. ಆ ಪ್ಯಾಸೇಜಿನ ತುದಿಯಲ್ಲೇ ನಮ್ಮ ದೇವರ ಕೋಣೆ.

ಶುಕ್ರವಾರ ಅತ್ತೆ ಹಿಡಿದು ಬಂದದ್ದು ಆ ಗೆರೆಗಳನ್ನೇ. ಗೆರೆ ಮುಗಿದಲ್ಲಿ ಕೈ ನಿಂತಿತು. ಕಾಲೂ ನಿಂತಿತು.

"ಇಲ್ಲಿಗೇ ಯಾಕ ಬಿಟ್ಟೀರಿ? ದೇವರ ತನಕಾ ಎಳೀಬೇಕಿಲ್ಲೇನು?"

ಅದೇ ದಿನ ಸಂಜೆ, ಪಲ್ಲವಿ ಮನೆಗೆ ಬಂದ ಹೊತ್ತಿಗೆ, ಶರಣಪ್ಪ ಬಂದ. ಸ್ಯಾಂಪಲ್ ಮುಚ್ಚಿ ಟಿವಿ ಗೋಡೆ ಶುರು ಮಾಡುತ್ತೇನೆ ಅಂದ. ನಾನು ಅತ್ತೆಯ ಮಾತು ಹೇಳಿದೆ. ತಂದ ಮಾಲು ಒಂದೇ ಗೋಡೆಗೆ ಬರುತ್ತದೆ, ಯಾವುದಕ್ಕೆ ಅಂತ ನೀವೇ ಹೇಳಿ ಅಂದ. ನಾನು ಪಲ್ಲವಿಯ ಮುಖ ನೋಡಿದೆ. ಗೆಳತಿಯರಿಗೆಲ್ಲ ಫೋಟೋ ಕಳಿಸುತ್ತೇನೆಂದು ಹೇಳಿಕೊಂಡು ಓಡಾಡಿದವಳು ಅವಳು. ಬಾಯಿ ಬಿಟ್ಟು ಕೇಳಲು ನನಗೆ ಧೈರ್ಯ ಬರಲಿಲ್ಲ. ಒಳಗೇ ವೆಂಕಟರಮಣನನ್ನು ನೆನೆದೆ.

ಅವಳು ಒಮ್ಮೆ ಟಿವಿ ಗೋಡೆಯ ಕಡೆ ನೋಡಿದಳು. ಆಮೇಲೆ ಅಂದಳು: "ಪ್ಯಾಸೇಜಿಗೇ ಮಾಡ್ರಿ ಅಣ್ಣಾ. ಅಜ್ಜಿ ಕೈ ಎಲ್ಲಿಗೆ ಬರ್ತದ ನೋಡಿ, ಆ ಎತ್ತರಕ್ಕ ಗೆರಿ ಎಳೀರಿ."

ನನ್ನ ಕಣ್ಣು ತುಂಬಿತು. ಅತ್ತೆ ಮಾತ್ರ ಒಳಗಿನಿಂದಲೇ ಒಂದು ಬಿಟ್ಟರು: "ಛಲೋ ಆತು. ನಿಮ್ಮವ್ವನ ಕೈಗಿಂತ ಗೋಡಿ ಬೇಸ್ ಐತಿ. ಬಂದೆ, ಬಂದೆ ಅನ್ನಂಗಿಲ್ಲ."

ಈಗ ಗೆರೆಗಳು ದೇವರ ಕೋಣೆಯ ಬಾಗಿಲಿಗೆ ಹೋಗಿ ಮುಟ್ಟಿವೆ. ಬಚ್ಚಲ ಮುಂದೆ ನಾರಿನ ಮ್ಯಾಟ್ ಹಾಸಿದ್ದೇನೆ, ಕಾಲಿಗೂ ಗುರುತಿರಲಿ ಎಂದು. ಧೂಳು ಕೂರುತ್ತದೆ, ಸುಳ್ಳು ಹೇಳುವುದಿಲ್ಲ. ಒರೆಸುವ ಬಟ್ಟೆ ಗೆರೆಗೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಳ್ಳಲಿ. ಆ ಗೋಡೆ ಒರೆಸುವಾಗ ನನಗೆ ದೇವರ ಪಾತ್ರೆ ತಿಕ್ಕಿದಷ್ಟೇ ಸಮಾಧಾನ. ಅತ್ತೆಗೆ ಕಣ್ಣು ಕೊಡು ಎಂದು ವೆಂಕಟರಮಣನನ್ನು ಬೇಡಿಕೊಂಡಿದ್ದೆ. ಅವನು ದಾರಿ ಕೊಟ್ಟ. ಅದೇನು ಸಣ್ಣ ಕೃಪೆಯೇ?

ಮೊನ್ನೆ ಮನೆಗೆ ಬಂದ ಪಕ್ಕದ ಫ್ಲ್ಯಾಟಿನವರು, ಇಷ್ಟು ಚೆಂದದ ಗೋಡೆಯನ್ನು ಹಾಲ್ ಬಿಟ್ಟು ಈ ಮೂಲೆಯಲ್ಲಿ ಯಾಕೆ ಮಾಡಿಸಿದಿರಿ ಎಂದು ಕೇಳಿದರು.

ಬೆಳಗಿನ ಚಹಾದ ಹೊತ್ತಿಗೆ ಒಮ್ಮೆ ಬಂದು ನೋಡಿ ಎಂದೆ.