ಒಂದಕ್ಷರದ ಅನುಮಾನ

ಕುವೆಂಪುನಗರದ ಗಣಿತದ ಮೇಡಂ ಕೀರ್ತಿ, ಕನ್ನಡ ಪದಗಳನ್ನು ಅಕಾರಾದಿಯಾಗಿ ಜೋಡಿಸುವ ತಂತ್ರಾಂಶ ಬರೆದು, ‘ಜೋಡಣೆ’ ಎಂದು ಹೆಸರಿಟ್ಟು, ಎಲ್ಲರ ಬಳಕೆಗೆಂದು ಅಂತರಜಾಲಕ್ಕೆ ಬಿಟ್ಟಿದ್ದಳು. ಒಂದು ದಿನ ಯಾರೋ, “ನಿಮ್ಮ ಜೋಡಣೆ ನನ್ನ ಫೋಟೋಗಳನ್ನೆಲ್ಲ ಒಂದಕ್ಕೊಂದು ಅಂಟಿಸಿಬಿಟ್ಟಿದೆ” ಎಂದು ದೂರು ಬರೆದರು. ಹುಡುಕಿದರೆ ಫೋಟೋ ಅಂಟಿಸುವ ‘ಜೋಡಣಿ’ ಎಂಬ ಇನ್ನೊಂದು ತಂತ್ರಾಂಶವಿತ್ತು. ಬೇಕೆಂದೇ ಹೆಸರು ತಿರುಚಿದ್ದಾರೆ ಎನಿಸಿತು. ಅದನ್ನು ಬರೆದ ವಸಂತ್ ತನ್ನದೇ ಊರಿನ ಗೋಕುಲಂ ಬಡಾವಣೆಯವನು ಎಂದು ತಿಳಿದಾಗ ಅನುಮಾನ ಬಲಿಯಿತು. ಫೋನ್ ಮಾಡಿ ಕೇಳಿಯೇಬಿಟ್ಟಳು.

“ನಂದು ನಿಮಗಿಂತ ಮುಂಚೆ ಬಂದದ್ದು ಕಣ್ರೀ. ನೀವೇ ಹೆಸರು ಕದ್ಬುಟ್ರಿ ಅಂದ್ಕೊಂಡಿದ್ದೆ,” ಎಂದ ವಸಂತ್.

ನಂಬದೆ ದಿನಾಂಕ ನೋಡಿದಳು. ಅವನ ಮಾತು ನಿಜವಾಗಿತ್ತು. ಹೆಸರಿಡುವಾಗ ಅವಳು ಹುಡುಕಿಯೇ ಇರಲಿಲ್ಲ.

ಈ ಸಲ ಚೆನ್ನಾಗಿ ಹುಡುಕಿ, ತನ್ನ ತಂತ್ರಾಂಶದ ಹೆಸರನ್ನು ‘ಕನ್ನಡ-ಪದ-ಅಕಾರಾದಿ’ ಎಂದು ಬದಲಿಸಿದಳು. ಹಳೆಯ ಹೆಸರನ್ನು ಮಾತ್ರ ಬೇರೆ ಯಾರೂ ತೆಗೆದುಕೊಳ್ಳದಂತೆ ತನ್ನ ಖಾತೆಯಲ್ಲೇ ಇಟ್ಟುಕೊಂಡಳು. ವಸಂತ್ ಒಳ್ಳೆಯವನೇ ಇರಬಹುದು, ಆದರೂ ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ.