ಸೊನ್ನೆ ತೋರಿಸುತ್ತಿದ್ದ ಪಂಪು

ರಿಪೇರಿಯಣ್ಣನ ಎಡಕಿವಿ ಅರ್ಧವೇ ಇತ್ತು. ಕೆಳಗಿನ ಭಾಗವನ್ನು ಶಿರಾ ಬಸ್ ಸ್ಟ್ಯಾಂಡಿನ ಜಗಳವೊಂದರಲ್ಲಿ ಯಾರೋ ಕಚ್ಚಿ ಕಿತ್ತಿದ್ದರಂತೆ. ಸಿಟ್ಟು ಬಂದರೆ ಮೊದಲು ಕೆಂಪಾಗುತ್ತಿದ್ದದ್ದು ಆ ಅರ್ಧ ಕಿವಿ. ಅಕ್ಕಪಕ್ಕದ ಅಂಗಡಿಯವರು ಅದನ್ನು ನೋಡಿಕೊಂಡೇ ಮಾತು ಶುರುಮಾಡುತ್ತಿದ್ದೆವು.

ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಅವರಿಗೆ ಕೈ ಮೊದಲು, ಬಾಯಿ ಆಮೇಲೆ. ಕೆಟ್ಟ ಕೀಬೋರ್ಡನ್ನು ಮೊಣಕಾಲಿಗೆ ಬಡಿದು ಮುರಿಯುತ್ತಿದ್ದರು. ತಲೆ ತಿಂದ ಗಿರಾಕಿಯೊಬ್ಬನ ಮೇಲೆ ಎಸೆದ ಸ್ಕ್ರೂಡ್ರೈವರ್ ಬಾಗಿಲ ಮರಕ್ಕೆ ನಾಟಿ ನಿಂತಿತ್ತು. ಅದೇ ಕೈ ಯಂತ್ರದೊಳಗೆ ಹೋದರೆ ಮಾತ್ರ ಬಾಣಂತಿಗೆ ನೀರು ಹಾಕುವವಳ ಕೈಯಷ್ಟು ಹದ. "ಪರದೆ ಏನಾರ ತೋರಿಸ್ಲಿ, ಮೊದ್ಲು ಕೈ ಇಟ್ಟು ನೋಡ್ಲಾ" ಎನ್ನುತ್ತಿದ್ದರು.

ಪಕ್ಕದಲ್ಲೇ ನನ್ನ ಮದುವೆ ವಿಡಿಯೊ ಎಡಿಟಿಂಗ್ ಅಂಗಡಿ. ನನ್ನ ಕಂಪ್ಯೂಟರಿನ ಪ್ರೊಸೆಸರನ್ನು ತಣ್ಣಗಿಡುವುದು ನೀರು. ಪುಟ್ಟ ಪಂಪೊಂದು ಅದನ್ನು ಎರಡು ರಬ್ಬರ್ ಪೈಪುಗಳಲ್ಲಿ ಓಡಿಸುತ್ತಿರುತ್ತದೆ. ಒಂದು ದಿನ ಪಂಪಿನ ವೇಗ ಸೊನ್ನೆ ಎಂದು ಪರದೆಯ ಮೇಲೆ ಕೆಂಪಕ್ಷರ ಬಂತು. ರಿಪೇರಿಯಣ್ಣ ಎರಡೂ ಪೈಪು ಮುಟ್ಟಿ ನೋಡಿದರು. "ನೀರು ಓಡ್ತಾ ಐತೆ. ವೇಗ ಹೇಳೋ ವೈರು ಮಾತ್ರ ಸತ್ತೈತೆ. ಸೊನ್ನೆ ತೋರಿಸಿದ್ರೆ ತೋರಿಸ್ಲಿ, ಒಂದು ಬಟನ್ ಒತ್ತಿ ಮುಂದಕ್ಕೋಗು. ಇದ್ರೊಳಕ್ಕೆ ಕೈ ಹಾಕಿದ್ರೆ ಕೈ ಮುರಿತೀನಿ" ಎಂದರು.

ದಿನಾ ಬೆಳಿಗ್ಗೆ ಆ ಕೆಂಪಕ್ಷರ ನೋಡಿ ನನಗೆ ತಲೆ ಕೆಡುತ್ತಿತ್ತು. ಒಂದು ವಾರ ತಡೆದೆ. ಆಮೇಲೆ ಪಂಪಿನ ವೈರು ಕಿತ್ತು, ಅದೇ ಜಾಗಕ್ಕೆ ಫ್ಯಾನಿನ ವೈರು ಚುಚ್ಚಿದೆ. ಪರದೆಯಲ್ಲಿ ಚೆಂದದ ಅಂಕಿ ಬಂತು. ಪಂಪಿಗೆ ಕರೆಂಟು ಬರುತ್ತಿದ್ದದ್ದೂ ನಾನು ಕಿತ್ತ ವೈರಿನಲ್ಲೇ, ಓಡುತ್ತಿದ್ದ ಪಂಪನ್ನು ನಾನೇ ನಿಲ್ಲಿಸಿಬಿಟ್ಟಿದ್ದೆ ಎಂದು ಈ ಮಂಕುತಲೆಗೆ ಹೊಳೆಯಲಿಲ್ಲ.

ಅಂದಿನಿಂದ ಕೆಲಸಕ್ಕೆ ಕೂತರೆ ಸಾಕು, ಕಂಪ್ಯೂಟರ್ ಕಾದು ತಾನೇ ಆರಿಹೋಗತೊಡಗಿತು. ಅದರೊಳಗಿದ್ದದ್ದು ನಾಗಲಮಡಿಕೆಯ ಒಂದು ಮದುವೆ. ಮಗಳ ಮದುವೆಯಾದ ಐದೇ ದಿನಕ್ಕೆ ಅಪ್ಪ ತೀರಿಕೊಂಡಿದ್ದರು. ತಿಥಿಗೆ ಸೇರುವ ನೆಂಟರಿಗೆ ಅವರ ನಗುಮುಖ ತೋರಿಸಬೇಕೆಂದು ಮನೆಯವರ ಆಸೆ. ತಿಥಿಯ ಹಿಂದಿನ ದಿನ ಮದುಮಗಳ ತಮ್ಮ ಬಂದ. ಆಗಿಲ್ಲ ಎಂದೆ. ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ. ಉಸಿರು ಕಟ್ಟಿತು. "ರಿಪೇರಿ ಮಾಡಿದ್ದು ಪಕ್ಕದಂಗಡಿಯವ್ರು, ಅವ್ರೇ ಕೆಡಿಸಿದ್ದು" ಎಂದುಬಿಟ್ಟೆ.

ಅವನು ಹೋದವನೇ ಹೆಲ್ಮೆಟ್ಟಿನಿಂದ ರಿಪೇರಿಯಣ್ಣನ ಮುಖಕ್ಕೆ ಬೀಸಿದ. "ಮಾ ನಾಯನ, ನಮ್ಮಪ್ಪನ ಮೊಖ ನೋಡಾಕೆ ಊರೇ ಕಾಯ್ತೈತೆ, ನೀನು ಮಿಷನ್ ಕೆಡಿಸ್ತೀಯಾ!" ಎರಡನೇ ಏಟಿಗೆ ಹಲ್ಲೊಂದು ನೆಲಕ್ಕೆ ಬಿತ್ತು. ಅರ್ಧ ಕಿವಿ ಕೆಂಡವಾಗಿತ್ತು. ಇವತ್ತು ಹೆಣ ಬೀಳುತ್ತದೆ ಎಂದುಕೊಂಡೆ. ರಿಪೇರಿಯಣ್ಣ ಕೈ ಎತ್ತಲಿಲ್ಲ.

ರಕ್ತ ಒರೆಸಿಕೊಂಡು ಬಂದು ನನ್ನ ಕಂಪ್ಯೂಟರ್ ಬಿಚ್ಚಿದರು. ಒಂದು ಪೈಪು ಸುಡುತ್ತಿತ್ತು, ಇನ್ನೊಂದು ತಣ್ಣಗಿತ್ತು; ನೀರು ಓಡುತ್ತಿರಲಿಲ್ಲ. ತೂಗಾಡುತ್ತಿದ್ದ ಪಂಪಿನ ವೈರನ್ನು ನೋಡಿದರು, ನನ್ನನ್ನು ನೋಡಿದರು. "ವೈರು ಕಳಚ್ಕಂಡಿತ್ತು, ನಂದೇ ತಪ್ಪು ಕಣಪ್ಪ" ಎಂದು ಅವನಿಗೆ ಹೇಳಿ ಮತ್ತೆ ಸೇರಿಸಿದರು. ಸಂಜೆಯೊಳಗೆ ವಿಡಿಯೊ ಸಿದ್ಧವಾಯಿತು.

ಅವನ ಬೈಕು ಮರೆಯಾದ ಮೇಲೆ ನನ್ನ ಕಪಾಳಕ್ಕೆ ಬಿದ್ದ ರಿಪೇರಿಯಣ್ಣನ ಏಟಿಗೆ ಕಣ್ಣು ಕತ್ತಲಿಟ್ಟಿತು. "ನಿನ್ನ ಹೆಸ್ರು ಹೇಳಿದ್ರೆ ಅವ್ನು ಅಲ್ಲೇ ನಿನ್ನ ಸಾಯಿಸ್ಬುಡೋನು ಕಣ್ಲಾ. ಅಪ್ಪನ್ನ ಕಳ್ಕಂಡಿರೋನ್ನ ಜೈಲಿಗೂ ಕಳಿಸ್ಬೇಕಿತ್ತಾ?"

ಮರುದಿನ ಎಂದಿನಂತೆ ಬೈದುಕೊಂಡೇ ಟೀ ಕುಡಿಸಿದರು. ಹಲ್ಲಿನ ಮಾತು ಎತ್ತಲಿಲ್ಲ. ಹೇಡಿ ನಾನು, ಕ್ಷಮೆ ಕೇಳಲಿಲ್ಲ.

ಹೋದ ವರ್ಷ ಎದೆನೋವು ಬಂದು ರಿಪೇರಿಯಣ್ಣ ತೀರಿಕೊಂಡರು. ಮಣ್ಣು ಹಾಕಿ ಬಂದ ಮೇಲೆ ಮನಸ್ಸು ತಡೆಯದೆ ನಾಗಲಮಡಿಕೆಗೆ ಹೋಗಿ ಮದುಮಗಳ ತಮ್ಮನಿಗೆ ನಿಜ ಹೇಳಿದೆ. ಅವನು ಹೊಡೆದ ಏಟಿಗೆ ತುಟಿ ಸೀಳಿತು. ಅದಕ್ಕೆಂದೇ ಹೋಗಿದ್ದೆ, ಭಾರ ಇಳಿಯಿತು ಎಂದುಕೊಂಡೆ. ಅವನು ಜಗುಲಿಯ ಮೇಲೆ ಕುಸಿದು ಕೂತ.

"ಆಯಪ್ಪ ಬದುಕಿದ್ದಾಗ ಹೇಳಿದ್ರೆ ಕಾಲಿಗಾದ್ರೂ ಬೀಳ್ತಿದ್ನಲ್ಲೋ. ಈಗ ನಾನು ಯಾರ ಕಾಲು ಹಿಡ್ಕಳ್ಳಿ?"

ಇನ್ನೊಂದು ಏಟಾದರೂ ಹಾಕಲಿ ಎಂದು ಅಲ್ಲೇ ನಿಂತೆ. ಅವನು ತಲೆ ಎತ್ತಲೇ ಇಲ್ಲ.